ಪುಣೆಯ ಮೂಗು, ಹೈದರಾಬಾದಿನ ಕಣ್ಣು

ಜೀವಂತ ಕೋಶಗಳನ್ನು ಶಾಯಿಯಂತೆ ಬಳಸಿ ದೇಹದ ತುಣುಕುಗಳನ್ನು ಪದರ ಪದರವಾಗಿ ಅಚ್ಚುಹಾಕುವ ವಿದ್ಯೆಗೆ ಬಯೋಪ್ರಿಂಟಿಂಗ್ ಎಂದು ಹೆಸರು. ಇದರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1980ರ ದಶಕದ ಅಮೆರಿಕದಿಂದ ಶುರು ಮಾಡುತ್ತಾರೆ. ನಾನು ಅದಕ್ಕೂ ಇನ್ನೂರು ವರ್ಷ ಹಿಂದಕ್ಕೆ ಹೋಗಿ ಪುಣೆಯಿಂದ ಶುರು ಮಾಡುತ್ತೇನೆ. ಹೊಟ್ಟೆಪಾಡಿಗೆ ಬಂದು ನೆಲೆಸಿದ ಊರು ಎಂಬ ಅಭಿಮಾನ ಸ್ವಲ್ಪ ಇರಬಹುದು. ಆದರೆ ಮುಖ್ಯ ಕಾರಣ ಬೇರೆ. ಈ ವಿದ್ಯೆ ಇವತ್ತು ಯಾವ ಗಂಟಿನಲ್ಲಿ ಸಿಕ್ಕಿಕೊಂಡಿದೆಯೋ ಆ ಗಂಟು ಪುಣೆಯ ಆ ಹಳೆಯ ಕಥೆಯಲ್ಲಿ ಬಲು ಸ್ಪಷ್ಟವಾಗಿ ಕಾಣುತ್ತದೆ.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಬರೆದವರ ಹೆಸರಿರಲಿಲ್ಲ, ಬಿ.ಎಲ್. ಎಂಬ ಎರಡು ಅಕ್ಷರ ಮಾತ್ರ ಇದ್ದವು. ಪತ್ರದಲ್ಲಿ ಬರುವವನು ಕಾವಸಜೀ ಎಂಬ ಮರಾಠಾ ಒಕ್ಕಲಿನವನು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುವ ಕೆಲಸದಲ್ಲಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿದ್ದ ಮುಂಬಯಿ ಸೈನ್ಯವನ್ನು ಬಂದು ಸೇರಿದ ಎನ್ನುತ್ತದೆ ಪತ್ರ. ಹನ್ನೆರಡು ತಿಂಗಳಿಗೂ ಮಿಕ್ಕಿ ಅವನು ಮೂಗಿಲ್ಲದೆ ಬದುಕಿದ. ಮೂಗು ಹೋದರೆ ಮಾನ ಹೋದಂತೆ ಎಂದು ಎಣಿಸುವ ಸೀಮೆಯಲ್ಲಿ ಹನ್ನೆರಡು ತಿಂಗಳು ಸಣ್ಣ ಕಾಲವಲ್ಲ. ಕೊನೆಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕೂರಿಸಿದ.

ಮಾಡಿದ ರೀತಿ ಹೀಗೆ. ಮೊದಲು ಮೇಣದ ತೆಳು ಹಾಳೆಯೊಂದನ್ನು ಉಳಿದ ಮೂಗಿನ ಬುಡದ ಮೇಲಿಟ್ಟು ಚೆಂದದ ಮೂಗಿನ ಆಕಾರ ಬರುವಂತೆ ತಿದ್ದಿದ. ಆ ಹಾಳೆಯನ್ನು ಬಿಡಿಸಿ, ಚಪ್ಪಟೆ ಮಾಡಿ, ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಅಲ್ಲಿಗೆ ಮೇಣದ ಕೆಲಸ ಮುಗಿಯಿತು. ಗೆರೆಯ ಗುಂಟ ಹಣೆಯ ಚರ್ಮವನ್ನು ಕೊಯ್ದು ಬಿಡಿಸಿದ, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕೊಯ್ಯದೆ ಹಾಗೇ ಬಿಟ್ಟ. ಆ ಪಟ್ಟಿಯ ಮೇಲೆ ಚರ್ಮವನ್ನು ತಿರುವಿ ಕೆಳಗಿಳಿಸಿ ಮೂಗಿನ ಜಾಗಕ್ಕೆ ಕೂರಿಸಿದ. ಎಲೆಯಡಿಕೆಗೆ ಹಾಕುವ ಕಾಚನ್ನು ನೀರಿನಲ್ಲಿ ನೆನೆಸಿ, ಬಟ್ಟೆಯ ಚೂರುಗಳಿಗೆ ಬಳಿದು, ಐದಾರು ಪದರವಾಗಿ ಮೇಲೆ ಅಂಟಿಸಿದ. ಸುಮಾರು ಇಪ್ಪತ್ತೈದನೆಯ ದಿನ, ಹೊಸ ಚರ್ಮ ಹಳೆಯದರೊಂದಿಗೆ ಕೂಡಿಕೊಂಡ ಮೇಲೆ, ಆ ಪಟ್ಟಿಯನ್ನು ಕತ್ತರಿಸಿದ.

ಇಲ್ಲಿ ನಡೆದದ್ದು ಎರಡು ಬೇರೆ ಬೇರೆ ಕೆಲಸ. ಮೇಣದ ಹಾಳೆ ಆಕಾರಕ್ಕೆ. ಕಣ್ಣುಗಳ ನಡುವಿನ ಪಟ್ಟಿ ನೆತ್ತರಿಗೆ. ಹೊಸ ಜಾಗದಲ್ಲಿ ರಕ್ತನಾಳಗಳು ಬೆಳೆದು ಕೂಡಿಕೊಳ್ಳುವವರೆಗೆ ಆ ಚರ್ಮ ಹಣೆಯ ರಕ್ತವನ್ನೇ ಕುಡಿದು ಬದುಕಬೇಕು. ಪಟ್ಟಿಯನ್ನು ಮೊದಲ ದಿನವೇ ಕತ್ತರಿಸಿದ್ದರೆ ಎಷ್ಟು ಚೆಂದದ ಮೂಗಾದರೂ ಕೆಲವೇ ದಿನಗಳಲ್ಲಿ ಕಪ್ಪಾಗಿ ಉದುರುತ್ತಿತ್ತು. ಪತ್ರ ಬರೆದವರಿಗೂ ಇದು ಗೊತ್ತಿತ್ತು, ರಕ್ತದ ಹರಿವು ನಿಲ್ಲದಿರಲೆಂದೇ ಪಟ್ಟಿ ಎಂದು ಅವರು ವಿವರಿಸುತ್ತಾರೆ. ಇದು ಹೊಸ ಜ್ಞಾನವೂ ಅಲ್ಲ. ಸುಶ್ರುತ ಸಂಹಿತೆಯಲ್ಲಿ ಎಲೆಯೊಂದನ್ನು ಮೂಗಿನ ಅಳತೆಗೆ ಕತ್ತರಿಸಿ, ಅದೇ ಅಳತೆಯಲ್ಲಿ ಕೆನ್ನೆಯ ಚರ್ಮವನ್ನು ಬುಡ ಬಿಡದಂತೆ ಎತ್ತುವ ಕ್ರಮ ಇದೆ. ಶಾಸ್ತ್ರದಲ್ಲಿದ್ದ ವಿದ್ಯೆ ಎಷ್ಟೋ ಶತಮಾನ ಕಳೆದ ಮೇಲೆ ಇಟ್ಟಿಗೆ ಸುಡುವವರ ಮನೆಗಳಲ್ಲಿ ಉಳಿದುಕೊಂಡಿತ್ತು. ಮುಂಬಯಿ ಪ್ರಾಂತ್ಯದ ವೈದ್ಯರಾದ ಕ್ರೂಸೋ ಮತ್ತು ಫಿಂಡ್ಲೆ ಈ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡವರು. ಅವರ ಹೆಸರು ಪತ್ರದಲ್ಲಿದೆ, ಕಾವಸಜೀಯ ಹೆಸರಿದೆ. ಮೂಗು ಮಾಡಿದವನ ಹೆಸರಿಲ್ಲ.

ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಈ ಕ್ರಮವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1814ರಲ್ಲಿ ಅಲ್ಲಿನ ರೋಗಿಯ ಮೇಲೆ ಪ್ರಯೋಗಿಸಿದ. 1816ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ. ಯುರೋಪಿನ ಹೊಸ ಪ್ಲಾಸ್ಟಿಕ್ ಸರ್ಜರಿಗೆ ಅಲ್ಲಿಂದ ದಾರಿ ತೆರೆಯಿತು.

*

ಚರ್ಮದ ಚೂರಿಗೆ ಒಂದು ಪಟ್ಟಿ ಸಾಕಾಯಿತು. ಇಡೀ ಅಂಗವನ್ನು ಸಾಗಿಸಬೇಕಾದರೆ? ಆಗ ರಕ್ತನಾಳಗಳನ್ನೇ ಕತ್ತರಿಸಿ ಇನ್ನೊಂದು ಕಡೆ ಹೊಲಿಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅದು ವೈದ್ಯರ ಕೈಗೆ ಎಟುಕದ ಕೆಲಸವಾಗಿತ್ತು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅವರನ್ನು ಲಿಯಾನ್ ನಗರದಲ್ಲಿ ಚೂರಿಯಿಂದ ಇರಿದರು. ಯಕೃತ್ತಿಗೆ ಹೋಗುವ ದೊಡ್ಡ ರಕ್ತನಾಳ ಕತ್ತರಿಸಿಹೋಗಿತ್ತು, ಅದನ್ನು ಹೊಲಿಯುವುದು ಯಾರಿಗೂ ಗೊತ್ತಿರಲಿಲ್ಲ, ಅಧ್ಯಕ್ಷರು ತೀರಿಕೊಂಡರು. ಆ ಊರಿನಲ್ಲಿ ವೈದ್ಯಕೀಯ ಓದುತ್ತಿದ್ದ ಅಲೆಕ್ಸಿಸ್ ಕರೆಲ್ ಎಂಬ ತರುಣನಿಗೆ ಇದು ಮನಸ್ಸಿಗೆ ನಾಟಿತು. ಲಿಯಾನ್ ರೇಷ್ಮೆಯ ಊರು. ಅವನು ಮದಾಂ ಲೆರುದಿಯೆ ಎಂಬ ಕಸೂತಿಗಾರ್ತಿಯ ಹತ್ತಿರ ಹೋಗಿ ಸಣ್ಣ ಸೂಜಿ, ನವಿರು ರೇಷ್ಮೆ ಎಳೆಗಳಲ್ಲಿ ಹೊಲಿಯುವುದನ್ನು ಕಲಿತ. ದುಂಡಗಿನ ನಾಳದ ಬಾಯಿಗೆ ಮೂರು ಕಡೆ ಹೊಲಿಗೆ ಹಾಕಿ ಎಳೆದು ಹಿಡಿದರೆ ಅದು ತ್ರಿಕೋನವಾಗುತ್ತದೆ, ಆಮೇಲೆ ಒಂದೊಂದು ಬದಿಯನ್ನೂ ನೇರ ಹೊಲಿಗೆಯಂತೆ ಹೊಲಿಯಬಹುದು. 1902ರಲ್ಲಿ ಅವನು ಪ್ರಕಟಿಸಿದ ಉಪಾಯ ಇದು. 1912ರಲ್ಲಿ ನೊಬೆಲ್ ಬಂತು.

ಅಂಗಾಂಗ ಕಸಿಯ ಇಡೀ ಯುಗ ಈ ಹೊಲಿಗೆಯ ಮೇಲೆ ನಿಂತಿದೆ. 1954ರಲ್ಲಿ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವಳಿ ಸೋದರರಲ್ಲಿ ಒಬ್ಬನ ಕಿಡ್ನಿಯನ್ನು ಇನ್ನೊಬ್ಬನಿಗೆ ಕೂರಿಸಿದಾಗ, ಕಿಡ್ನಿಯ ಒಳಗಿನ ಲಕ್ಷಾಂತರ ನಾಳಗಳನ್ನು ಅವರು ಕಟ್ಟಬೇಕಾಗಿರಲಿಲ್ಲ. ಪ್ರಕೃತಿ ಕಟ್ಟಿಕೊಟ್ಟಿತ್ತು. ಒಳಹೋಗುವ ಒಂದು ನಾಳ, ಹೊರಬರುವ ಒಂದು ನಾಳ, ಮೂತ್ರದ ಕೊಳವೆ, ಇಷ್ಟನ್ನು ಹೊಲಿದರೆ ಸಾಕಿತ್ತು. ಮನೆಗೆ ನಲ್ಲಿ ಸಂಪರ್ಕ ಕೊಡುವುದಕ್ಕೂ ಊರಿಗೆ ಪೂರ್ತಿ ಕೊಳವೆಜಾಲ ಹಾಕುವುದಕ್ಕೂ ಇರುವ ಅಂತರ ಇದು.

ಸಿದ್ಧ ಅಂಗ ಸಿಗದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಕಸಿಯ ಯಶಸ್ಸಿನಿಂದಲೇ ಹುಟ್ಟಿತು. ಬೋಸ್ಟನ್ನಿನ ಜೋಸೆಫ್ ವಕಾಂಟಿ ಮಕ್ಕಳಿಗೆ ಯಕೃತ್ತಿನ ಕಸಿ ಮಾಡುವ ಶಸ್ತ್ರವೈದ್ಯ. ಯಕೃತ್ತು ಸಿಗದೆ ಮಕ್ಕಳು ಸಾಯುವುದನ್ನು ನೋಡುತ್ತಿದ್ದವರು. ರಾಬರ್ಟ್ ಲ್ಯಾಂಗರ್ ಎಂಬ ರಸಾಯನ ಇಂಜಿನಿಯರ್ ಜೊತೆ ಸೇರಿ ಒಂದು ದಾರಿ ಹುಡುಕಿದರು. ದೇಹದಲ್ಲಿ ತಾನಾಗಿ ಕರಗುವ ಪ್ಲಾಸ್ಟಿಕ್ಕಿನಿಂದ ಹಂದರ ಕಟ್ಟುವುದು, ಅದರ ಮೇಲೆ ಜೀವಕೋಶಗಳನ್ನು ಬಿತ್ತುವುದು. ಇಂಗ್ಲಿಷಿನಲ್ಲಿ ಸ್ಕ್ಯಾಫೋಲ್ಡ್ ಎನ್ನುತ್ತಾರೆ. ಕಟ್ಟಡದ ಸಾರುವೆಗಿಂತ ಮಲ್ಲಿಗೆಯ ಹಂದರವೇ ಇದಕ್ಕೆ ಹತ್ತಿರ ಎಂದು ನನಗೆ ಅನ್ನಿಸುತ್ತದೆ. ಬಳ್ಳಿ ಹಬ್ಬುವವರೆಗೆ ಆಧಾರ ಬೇಕು. ವ್ಯತ್ಯಾಸ ಇಷ್ಟೆ, ಇಲ್ಲಿ ಬಳ್ಳಿ ಹಬ್ಬುತ್ತಾ ಹೋದಂತೆ ಹಂದರ ಕರಗುತ್ತಾ ಹೋಗಬೇಕು. ಶಸ್ತ್ರಕ್ರಿಯೆಯ ನಂತರ ತೆಗೆಯಬೇಕಿಲ್ಲದ ಹೊಲಿಗೆ ದಾರ ಇರುತ್ತದಲ್ಲ, ಅದೇ ಬಗೆಯ ವಸ್ತುವಿನಿಂದ ಮೊದಲ ಹಂದರಗಳನ್ನು ಮಾಡಿದರು. 1993ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇವರಿಬ್ಬರು ಬರೆದ ಲೇಖನ ಅಂಗಾಂಶ ಇಂಜಿನಿಯರಿಂಗ್ ಎಂಬ ಕ್ಷೇತ್ರಕ್ಕೆ ನೆಲೆ ಕೊಟ್ಟಿತು.

ಆಮೇಲೆ ಬಂದದ್ದು ಆ ಇಲಿ. ಬೆನ್ನ ಮೇಲೆ ಮನುಷ್ಯನ ಕಿವಿ ಹೊತ್ತ ಬೋಳು ಇಲಿಯ ಚಿತ್ರವನ್ನು ನೀವೂ ನೋಡಿರುತ್ತೀರಿ. ಅದನ್ನು ವಂಶವಾಹಿ ತಿದ್ದಿದ ರಾಕ್ಷಸ ಪ್ರಾಣಿ ಎಂದು ಎಷ್ಟೋ ಜನ ಇಂದಿಗೂ ನಂಬಿದ್ದಾರೆ. ನಿಜ ಅಷ್ಟು ಭಯಂಕರವಲ್ಲ. ಜೋಸೆಫರ ತಮ್ಮ ಚಾರ್ಲ್ಸ್ ವಕಾಂಟಿ ಮತ್ತು ಸಂಗಡಿಗರು ಮಗುವಿನ ಕಿವಿಯ ಆಕಾರದ ಹಂದರ ಮಾಡಿ, ಅದಕ್ಕೆ ದನದ ಮೃದ್ವಸ್ಥಿಯ ಕೋಶಗಳನ್ನು ಬಿತ್ತಿ, ರೋಗನಿರೋಧಕ ಶಕ್ತಿ ಇಲ್ಲದ ಇಲಿಯ ಚರ್ಮದಡಿ ಇಟ್ಟಿದ್ದರು. 1997ರಲ್ಲಿ ಪ್ರಬಂಧ ಪ್ರಕಟವಾಯಿತು. ಕಿವಿ ಆಯಿತಲ್ಲ, ಇನ್ನು ಕಿಡ್ನಿ, ಹೃದಯ ಎಷ್ಟು ದೂರ ಎಂದು ಜಗತ್ತು ಕೇಳಿತು.

ಬಹಳ ದೂರ. ಕಾರಣ ಕಿವಿಯ ಮೃದ್ವಸ್ಥಿಯೊಳಗೆ ರಕ್ತನಾಳಗಳೇ ಇಲ್ಲ. ಅದರ ಕೋಶಗಳು ಸೋಮಾರಿ ಕೋಶಗಳು, ಸುತ್ತಣ ದ್ರವದಿಂದ ಒಸರಿ ಬಂದಷ್ಟು ಆಹಾರದಲ್ಲಿ ಕಾಲ ಹಾಕುತ್ತವೆ. ಯಕೃತ್ತು, ಹೃದಯ, ಕಿಡ್ನಿಯ ಕೋಶಗಳು ಹಾಗಲ್ಲ. ಹತ್ತಿರದ ಸೂಕ್ಷ್ಮ ರಕ್ತನಾಳದಿಂದ 100ರಿಂದ 200 ಮೈಕ್ರಾನ್, ಅಂದರೆ ಹೆಚ್ಚೆಂದರೆ ಎರಡು ಮೂರು ಕೂದಲೆಳೆಯಷ್ಟು ದೂರವಾದರೆ ಆಮ್ಲಜನಕ ಸಿಗದೆ ಸಾಯುತ್ತವೆ. ಹಂದರ ಎಷ್ಟೇ ಒಳ್ಳೆಯದಿರಲಿ, ಅದರ ದಪ್ಪ ಒಂದು ಮಿಲಿಮೀಟರ್ ದಾಟಿತೆಂದರೆ ನಡುವೆ ಸಾವು ಶುರು. ಪುಣೆಯ ಪ್ರಶ್ನೆ ಬೋಸ್ಟನ್ನಿಗೆ ಬಂದು ನಿಂತಿತ್ತು, ಪಟ್ಟಿ ಎಲ್ಲಿ?

ತೆಳುವಾದ ಅಂಗಗಳಲ್ಲಿ ಮಾತ್ರ ಗೆಲುವು ಸಿಕ್ಕಿತು. ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು 1975ರಲ್ಲಿ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಕಂಡುಕೊಂಡಿದ್ದರು. 1980ರ ದಶಕದಲ್ಲಿ ಮೈಪೂರ್ತಿ ಸುಟ್ಟ ಮಕ್ಕಳನ್ನು ಅಂಥ ಹಾಳೆಗಳಿಂದ ಉಳಿಸಿದರು. ಹಾಳೆ ತೆಳು, ಕೆಳಗಿನ ಮಾಂಸದಿಂದ ರಕ್ತದ ಆಸರೆ ಸಿಗುತ್ತದೆ. 2006ರಲ್ಲಿ ಆಂಟನಿ ಅಟಾಲಾ ಏಳು ಮಕ್ಕಳು ಮತ್ತು ಹದಿಹರೆಯದವರಿಗೆ ಅವರದೇ ಕೋಶಗಳಿಂದ ಬೆಳೆಸಿದ ಮೂತ್ರಕೋಶದ ಗೋಡೆ ಕೂರಿಸಿದ ವರದಿ ಪ್ರಕಟಿಸಿದರು. ಅದೂ ತೆಳು ಚೀಲ. ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದ ಕೊಬ್ಬಿನ ಪದರವೊಂದಿದೆ, ಅದರ ತುಂಬ ರಕ್ತನಾಳಗಳು. ಆ ಪರದೆಯನ್ನು ಎಳೆದು ಹೊಸ ಮೂತ್ರಕೋಶಕ್ಕೆ ಹೊದಿಸಿದವರಲ್ಲಿ ಫಲ ಚೆನ್ನಾಗಿ ಬಂತು. ಇಲ್ಲೂ ರಕ್ತವಿದ್ದ ಕಡೆಯೇ ಜೀವ ಹಿಡಿಯಿತು.

*

ಇಷ್ಟು ಹೊತ್ತಿಗೆ ಪ್ರಿಂಟರ್ ಬಂದಿತ್ತು. ಕೈಯಿಂದ ಕೋಶ ಬಿತ್ತಿದರೆ ಅವು ಹಂದರದ ಹೊರಮೈಯಲ್ಲೇ ಉಳಿಯುತ್ತವೆ, ಒಳಗೆ ಎಲ್ಲಿ ಯಾವ ಕೋಶ ಇರಬೇಕೆಂದು ನಿರ್ಧರಿಸಲಾಗುವುದಿಲ್ಲ. ಬಿತ್ತುವ ಬದಲು ನಾಟಿ ಮಾಡಿದರೆ? 1988ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ರಾಬರ್ಟ್ ಕ್ಲೀಬ್ ಎಂಬ ವಿಜ್ಞಾನಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಶಾಯಿಯ ಬದಲು ಫೈಬ್ರೋನೆಕ್ಟಿನ್ ಎಂಬ ಪ್ರೋಟೀನ್ ತುಂಬಿದರು. ಕೋಶಗಳಿಗೆ ಅದು ಅಂಟು. ಪ್ರಿಂಟರ್ ಎಲ್ಲಿ ಅಂಟು ಬರೆಯಿತೋ ಅಲ್ಲಿ ಕೋಶಗಳು ಕೂತವು. ಇದನ್ನು ಅವರು ಕೋಶಲೇಖನ ಎಂಬರ್ಥ ಬರುವ ಹೆಸರಿನಿಂದ ಕರೆದರು.

ಕೋಶಗಳನ್ನೇ ಪ್ರಿಂಟರಿನ ಮೂತಿಯಿಂದ ಹಾಯಿಸಲು ಇನ್ನೂ ಹದಿನೈದು ವರ್ಷ ಹಿಡಿಯಿತು. ಕ್ಲೆಮ್ಸನ್ ವಿಶ್ವವಿದ್ಯಾಲಯದ ಥಾಮಸ್ ಬೋಲಂಡ್ ಮತ್ತು ಸಂಗಡಿಗರು 2003ರಲ್ಲಿ ಮಾರ್ಪಡಿಸಿದ ಆಫೀಸು ಪ್ರಿಂಟರುಗಳಿಂದ ಜೀವಂತ ಕೋಶಗಳನ್ನು ಅಚ್ಚುಹಾಕಿ ತೋರಿಸಿದರು. ಇಂಕ್‌ಜೆಟ್ ಪ್ರಿಂಟರ್ ಕೆಲಸ ಮಾಡುವುದು ಶಾಯಿಯನ್ನು ಕ್ಷಣದ ಲಕ್ಷಾಂಶದಲ್ಲಿ ಕುದಿಸಿ, ಹುಟ್ಟಿದ ಗುಳ್ಳೆಯಿಂದ ಹನಿಯನ್ನು ಚಿಮ್ಮಿಸಿ. ಆ ಬಿಸಿಗೆ ಕೋಶ ಬೇಯಬೇಕಲ್ಲವೇ? ಬಿಸಿ ಎಷ್ಟು ಅಲ್ಪಕಾಲದ್ದೆಂದರೆ ಸುಮಾರು ನೂರಕ್ಕೆ ತೊಂಬತ್ತು ಕೋಶಗಳು ಬದುಕಿಯೇ ಹೊರಬಿದ್ದವು. 2006ರಲ್ಲಿ ಬೋಲಂಡ್‌ಗೆ ಪೇಟೆಂಟ್ ಸಿಕ್ಕಿತು. ಬೆಲೆ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಯಂತ್ರದ್ದು, ಕೆಲಸ ಪ್ರಯೋಗಾಲಯದ್ದು, ಹಾಗಾಗಿ ಈ ವಿದ್ಯೆ ಬೇಗ ಹರಡಿತು.

ಇಂಕ್‌ಜೆಟ್ಟಿನಲ್ಲಿ ತೆಳು ಶಾಯಿ ಮಾತ್ರ ಹಾಯುತ್ತದೆ. ದಪ್ಪ ಕಟ್ಟಬೇಕಾದವರು ಚಕ್ಕುಲಿ ಒರಳಿನ ದಾರಿ ಹಿಡಿದರು. ಕೋಶಗಳನ್ನು ಜೆಲ್ಲಿನಲ್ಲಿ ಕಲಸಿ, ಸಿರಿಂಜಿನಲ್ಲಿ ತುಂಬಿ, ಒತ್ತಿ, ಎಳೆಯಾಗಿ ಸುತ್ತಿಸುತ್ತಿ ಪದರ ಏರಿಸುವುದು. ಹಂದರ, ಕೋಶ ಎರಡೂ ಒಟ್ಟಿಗೇ ಬೀಳುತ್ತವೆ. ಜೆಲ್ ಹೆಚ್ಚಾಗಿ ಕಡಲ ಪಾಚಿಯಿಂದ ತೆಗೆದ ಆಲ್ಜಿನೇಟ್, ಇಲ್ಲವೇ ಚರ್ಮ ಮೂಳೆಗಳಿಂದ ಬರುವ ಜೆಲಟಿನ್. ಅಡುಗೆಮನೆ ಬಲ್ಲವರಿಗೆ ಇಲ್ಲಿನ ತೊಡಕು ಥಟ್ಟನೆ ತಿಳಿಯುತ್ತದೆ. ಹಿಟ್ಟು ಗಟ್ಟಿಯಾದರೆ ಚಕ್ಕುಲಿಯ ಆಕಾರ ನಿಲ್ಲುತ್ತದೆ, ಆದರೆ ಒತ್ತುವ ಬಲಕ್ಕೆ ಕೋಶಗಳು ಹರಿದುಹೋಗುತ್ತವೆ, ಉಳಿದವು ಗಟ್ಟಿ ಜೆಲ್ಲಿನಲ್ಲಿ ಕೈಕಾಲು ಆಡಿಸಲಾಗದೆ ಸೊರಗುತ್ತವೆ. ದೋಸೆ ಹಿಟ್ಟಿನಷ್ಟು ತೆಳುವಾದರೆ ಕೋಶಗಳಿಗೆ ಸುಖ, ಆದರೆ ಎರೆದದ್ದು ಹರಡಿಕೊಳ್ಳುತ್ತದೆ. ಈ ಎರಡರ ನಡುವಿನ ಹದ ಹುಡುಕುವುದರಲ್ಲೇ ನೂರಾರು ಪ್ರಬಂಧಗಳು ಬಂದವು. 2015ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಡಮ್ ಫೈನ್‌ಬರ್ಗ್ ತಂಡ ಒಂದು ಜಾಣ ಉಪಾಯ ತೋರಿಸಿತು. ಜೆಲಟಿನ್ ತರಿಯ ತೊಟ್ಟಿಯೊಳಗೆ ಮೂತಿ ಮುಳುಗಿಸಿ ಪ್ರಿಂಟ್ ಮಾಡುವುದು. ತೊಟ್ಟಿ ಎಲ್ಲ ಕಡೆಯಿಂದ ಹಿಡಿದುಕೊಳ್ಳುತ್ತದೆ. ಕೊನೆಗೆ ಮೈಬಿಸಿಗೆ ಕಾಯಿಸಿದರೆ ಜೆಲಟಿನ್ ಕರಗಿ ಹೋಗಿ ಅಚ್ಚಾದದ್ದು ಉಳಿಯುತ್ತದೆ.

ಆಕಾರದ ಪ್ರಶ್ನೆ ಹೀಗೆ ಒಂದೊಂದಾಗಿ ಬಗೆಹರಿಯುತ್ತಾ ಬಂತು. ಅಪಾಯ ಇರುವುದೂ ಅಲ್ಲೇ. ಆಕಾರ ಕಣ್ಣಿಗೆ ಕಾಣುತ್ತದೆ, ಫೋಟೋಕ್ಕೆ ಸಿಗುತ್ತದೆ. ರಕ್ತದ ಹರಿವು ಕಾಣುವುದಿಲ್ಲ. 2011ರ ಟೆಡ್ ವೇದಿಕೆಯಲ್ಲಿ ಅಟಾಲಾ ಕಿಡ್ನಿಯ ಆಕಾರದ ಅಚ್ಚೊಂದನ್ನು ಕೈಯಲ್ಲಿ ಹಿಡಿದು ತೋರಿಸಿದರು. ಅದು ಕೆಲಸ ಮಾಡುವ ಕಿಡ್ನಿಯಾಗಿರಲಿಲ್ಲ, ಕಸಿಗೆ ಬರುವಂಥದ್ದೂ ಅಲ್ಲ. ಆದರೆ ಎಷ್ಟೋ ಪತ್ರಿಕೆಗಳು ಕಿಡ್ನಿ ಪ್ರಿಂಟ್ ಆಯಿತೆಂದೇ ಬರೆದವು, ಸಂಸ್ಥೆ ಸ್ಪಷ್ಟನೆ ಕೊಡಬೇಕಾಯಿತು. ಆ ವಿಡಿಯೋ ಇವತ್ತಿಗೂ ವಾಟ್ಸಾಪಿನಲ್ಲಿ ಸುತ್ತುತ್ತಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ನಮ್ಮ ಚಿಕ್ಕಪ್ಪ ಒಮ್ಮೆ ದಾವಣಗೆರೆಯಿಂದ ಫೋನ್ ಮಾಡಿ, ‘ಏನಪ್ಪಾ, ನಿಮ್ಮ ಕಡೆ ಕಿಡ್ನಿ ಪ್ರಿಂಟ್ ಮಾಡಿ ಕೊಡ್ತಾರಂತಲ್ಲ, ಎಷ್ಟಾಗ್ತದಂತೆ?’ ಎಂದು ಕೇಳಿದ್ದರು. ಒಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ, ಒಂದೊಂದರ ಬಾಯಲ್ಲೂ ರಕ್ತನಾಳದ ಒಂದು ಉಂಡೆ ಇದೆ, ಅದನ್ನು ಕಟ್ಟುವುದು ಇನ್ನೂ ಯಾರಿಗೂ ಆಗಿಲ್ಲ ಚಿಕ್ಕಪ್ಪ ಎಂದೆ. ‘ಹೌದಾ’ ಎಂದರು. ಆ ‘ಹೌದಾ’ದ ಭಾರ ಯಾವ ಪ್ರಬಂಧದಲ್ಲೂ ದಾಖಲಾಗುವುದಿಲ್ಲ.

*

ಆಕಾರವನ್ನೇ ಅಂಗ ಎಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಅದೇ 2011ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆಯಿತು. ಪಾವ್ಲೊ ಮ್ಯಾಕಿಯಾರಿನಿ ಎಂಬ ಹೆಸರಾಂತ ಶಸ್ತ್ರವೈದ್ಯ ಕ್ಯಾರೊಲಿನ್ಸ್ಕಾ ಆಸ್ಪತ್ರೆಯಲ್ಲಿ, ತಾಯ್ನಾಡಿನಿಂದ ದೂರ ಓದುತ್ತಿದ್ದ ಒಬ್ಬ ವಿದ್ಯಾರ್ಥಿಗೆ ಪ್ಲಾಸ್ಟಿಕ್ಕಿನ ಶ್ವಾಸನಾಳ ಕೂರಿಸಿದ. ಸ್ಕ್ಯಾನ್ ಅಳತೆಗೆ ಸರಿಯಾಗಿ ಮಾಡಿದ ಹಂದರ, ಅದರ ಮೇಲೆ ರೋಗಿಯದೇ ಮೂಳೆಮಜ್ಜೆಯ ಕಾಂಡಕೋಶಗಳು. ಅದು ಪ್ರಿಂಟರಿನಿಂದ ಬಂದದ್ದಲ್ಲ, ಆದರೆ ಕೋಶ ತುಂಬಿದ ಹಂದರ ಎಂಬ ತತ್ತ್ವ ಅದೇ. ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು, ಜಗತ್ತು ಕೊಂಡಾಡಿತು.

ಶ್ವಾಸನಾಳ ಬರೀ ಕೊಳವೆಯಲ್ಲ. ಅದರ ಒಳಪದರ ಹಗಲಿರುಳು ಧೂಳು, ರೋಗಾಣುಗಳಿಗೆ ಮೈಯೊಡ್ಡಿ ನಿಂತು, ಕಫವನ್ನು ಮೇಲಕ್ಕೆ ತಳ್ಳುತ್ತಿರಬೇಕು. ರಕ್ತ ಇಲ್ಲದೆ ಆ ಪದರ ಬದುಕುವುದಿಲ್ಲ. ಪ್ಲಾಸ್ಟಿಕ್ ಕೊಳವೆಗೆ ರಕ್ತ ಬರುವ ದಾರಿಯೇ ಇರಲಿಲ್ಲ. ಬೆಲ್ಜಿಯಮ್ಮಿನ ಲೂವೆನ್ ನಗರದ ಪಿಯರ್ ಡೆಲಾರೆ ಎಂಬ ಶ್ವಾಸನಾಳ ತಜ್ಞ ಇದು ಸಾಧ್ಯವೇ ಇಲ್ಲ ಎಂದು ಮೊದಲಿನಿಂದ ಹೇಳುತ್ತಾ ಬಂದರು. ಕೇಳಿದವರು ಕಡಿಮೆ. ಸ್ಟಾಕ್‌ಹೋಮಿನಲ್ಲಿ ಅಂಥ ಕೊಳವೆ ಕೂರಿಸಿಕೊಂಡ ಮೂವರೂ ತೀರಿಕೊಂಡರು. ಅದೇ ಆಸ್ಪತ್ರೆಯ ನಾಲ್ವರು ವೈದ್ಯರು 2014ರಲ್ಲಿ ದೂರು ಕೊಟ್ಟಾಗ ಸಂಸ್ಥೆ ಮೊದಲು ಮ್ಯಾಕಿಯಾರಿನಿಯ ಪರವಾಗಿಯೇ ನಿಂತಿತು. 2018ರಲ್ಲಿ ‘ಲ್ಯಾನ್ಸೆಟ್’ ಪ್ರಬಂಧವನ್ನು ಹಿಂತೆಗೆದುಕೊಂಡಿತು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಅವನಿಗೆ ಎರಡೂವರೆ ವರ್ಷದ ಜೈಲು ವಿಧಿಸಿತು.

ಆ ಡೆಲಾರೆ ಮಾಡಿದ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2008ರಲ್ಲಿ ಅವರು ಸತ್ತವರಿಂದ ದಾನವಾಗಿ ಬಂದ ಶ್ವಾಸನಾಳವನ್ನು ರೋಗಿಯ ಗಂಟಲಿಗೆ ನೇರ ಕೂರಿಸಲಿಲ್ಲ. ಮೊದಲು ಆಕೆಯ ಮುಂದೋಳಿನ ಚರ್ಮದಡಿ ಇಟ್ಟರು. ತಿಂಗಳುಗಟ್ಟಲೆ ಅಲ್ಲಿದ್ದು ತೋಳಿನ ರಕ್ತನಾಳಗಳು ಅದರೊಳಗೆ ಹಬ್ಬಿದ ಮೇಲೆ, ಆ ನಾಳಗಳ ಸಮೇತ ಎತ್ತಿ ಗಂಟಲಿಗೆ ತಂದು ಹೊಲಿದರು. 2010ರಲ್ಲಿ ಈ ವರದಿ ಪ್ರಕಟವಾಯಿತು. ಕರೆಲ್‌ನ ಹೊಲಿಗೆಯೂ ಪುಣೆಯವನ ತಾಳ್ಮೆಯೂ ಅಲ್ಲಿ ಕೂಡಿದ್ದವು. ಒಬ್ಬ ಅವಸರದಲ್ಲಿ ಆಕಾರ ಕೂರಿಸಿದ, ಇನ್ನೊಬ್ಬರು ರಕ್ತ ಬರುವವರೆಗೆ ಕಾದರು. ಇಬ್ಬರ ನಡುವಿನ ವ್ಯತ್ಯಾಸವನ್ನು ಮೂರು ಜೀವಗಳಿಂದ ಅಳೆಯಬೇಕಾಗಿ ಬಂತು.

*

ಪ್ರಿಂಟರ್ ಹಿಡಿದವರೂ ಈ ಪಾಠ ಕಲಿತರು. ಅಂಗ ಪ್ರಿಂಟ್ ಮಾಡುವುದಕ್ಕಿಂತ ಮೊದಲು ನಾಳ ಪ್ರಿಂಟ್ ಮಾಡಬೇಕು. ಆದರೆ ನಾಳ ಎಂದರೆ ಟೊಳ್ಳು. ಟೊಳ್ಳನ್ನು ಪ್ರಿಂಟ್ ಮಾಡುವುದು ಹೇಗೆ? 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋರ್ಡನ್ ಮಿಲ್ಲರ್, ಕ್ರಿಸ್ಟೋಫರ್ ಚೆನ್ ಮತ್ತು ಸಂಗಡಿಗರು ಸಕ್ಕರೆಯ ಮೊರೆ ಹೋದರು. ಸಂಕ್ರಾಂತಿಗೆ ನಮ್ಮ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುತ್ತಾರಲ್ಲ, ಗಾಜಿನಂತೆ ಗಟ್ಟಿಯಾಗುವ ಅಂಥ 1 ಪಾಕದಿಂದ ಅವರು ಬಲೆಯಂಥ ಕಡ್ಡಿಗಳ ಜಾಲವನ್ನು ಪ್ರಿಂಟ್ ಮಾಡಿದರು. ಅದರ ಸುತ್ತ ಕೋಶ ತುಂಬಿದ ಜೆಲ್ ಸುರಿದರು. ಜೆಲ್ ಹೆಪ್ಪುಗಟ್ಟಿದ ಮೇಲೆ ಸಕ್ಕರೆ ಕರಗಿ ಹೋಯಿತು, ಅದು ಇದ್ದ ಕಡೆಯೆಲ್ಲ ಕೊಳವೆ ಉಳಿಯಿತು. ಆ ಕೊಳವೆಗಳ ಒಳಮೈಗೆ ರಕ್ತನಾಳದ ಕೋಶಗಳನ್ನು ಹಾಯಿಸಿದರೆ ಅವು ಅಂಟಿಕೊಂಡು ಅಸ್ತರಿ ಹಾಕಿದವು, ರಕ್ತ ಹರಿಸಿದರೆ ಹರಿಯಿತು. ಮೇಣದ ಮೂರ್ತಿಯ ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ, ಕಂಚು ಎರೆಯುವ ನಮ್ಮ ಶಿಲ್ಪಿಗಳ ವಿಧಾನವೇ ಇದು. ಅವರು ಟೊಳ್ಳನ್ನು ತುಂಬಿಸುತ್ತಾರೆ, ಇವರು ಟೊಳ್ಳನ್ನು ಉಳಿಸಿಕೊಂಡರು.

ಹಾರ್ವರ್ಡಿನ ಜೆನಿಫರ್ ಲೂಯಿಸ್ ತಂಡ ತಣ್ಣಗಾದರೆ ನೀರಾಗುವ ಶಾಯಿಯಿಂದ ಇದೇ ಕೆಲಸ ಮಾಡಿತು. 2016ರಲ್ಲಿ ಒಂದು ಸೆಂಟಿಮೀಟರಿಗೂ ದಪ್ಪದ ಅಂಗಾಂಶವನ್ನು ಆರು ವಾರಕ್ಕೂ ಹೆಚ್ಚು ಕಾಲ ಜೀವಂತ ಇಟ್ಟಿತು. ಒಂದು ಸೆಂಟಿಮೀಟರ್, ಆರು ವಾರ. ಕೇಳಲು ಸಣ್ಣ ಲೆಕ್ಕ. ಎರಡು ಕೂದಲೆಳೆಯ ಮಿತಿಯಿಂದ ಇಲ್ಲಿಗೆ ಬಂದ ದೂರ ಗೊತ್ತಿದ್ದವರಿಗೆ ಅದು ಸಣ್ಣದಲ್ಲ. 2019ರಲ್ಲಿ ಟೆಲ್ ಅವೀವಿನ ತಾಲ್ ದ್ವಿರ್ ತಂಡ ರೋಗಿಯ ಕೋಶಗಳಿಂದಲೇ ಸುಮಾರು ಎರಡು ಸೆಂಟಿಮೀಟರ್ ಎತ್ತರದ ಪುಟ್ಟ ಹೃದಯ ಅಚ್ಚುಹಾಕಿದಾಗ ಮತ್ತೆ ದೊಡ್ಡ ಸುದ್ದಿಯಾಯಿತು. ಅದರ ಕೋಶಗಳು ಮಿಡಿಯುತ್ತವೆ, ಆದರೆ ಒಟ್ಟಾಗಿ ರಕ್ತ ತಳ್ಳಲಾರವು ಎಂದು ವಿಜ್ಞಾನಿಗಳೇ ಹೇಳಿದ್ದರು. ಮೊಲದ ಹೃದಯದಷ್ಟು ಗಾತ್ರ ಎಂಬ ಮಾತು ತಲೆಬರಹಕ್ಕೆ ಹೋಯಿತು, ಉಳಿದದ್ದು ಒಳಪುಟದಲ್ಲಿ ಉಳಿಯಿತು.

ನಮ್ಮ ದೇಶದಲ್ಲಿ ನಡೆದಿರುವುದನ್ನೂ ಇದೇ ಕಣ್ಣಿನಿಂದ ನೋಡಬೇಕು ಎಂಬುದು ನನ್ನ ಅನಿಸಿಕೆ. ಬೆಂಗಳೂರಿನ ಪಂಡೋರಂ ಟೆಕ್ನಾಲಜೀಸ್ 2015ರಲ್ಲಿ ಯಕೃತ್ತಿನ ಅಂಗಾಂಶವನ್ನು ಪ್ರಿಂಟ್ ಮಾಡಿದ್ದಾಗಿ ಪ್ರಕಟಿಸಿತು. ಅದರ ಮೊದಲ ಬಳಕೆ ಕಸಿಗೆ ಅಲ್ಲ, ಔಷಧಿ ಪರೀಕ್ಷೆಗೆ. ಹೊಸ ಮದ್ದು ಯಕೃತ್ತಿಗೆ ವಿಷವಾಗುತ್ತದೆಯೇ ಎಂದು ತಿಳಿಯಲು ತೆಳು ತುಣುಕು ಸಾಕು. ಸುದ್ದಿಯಲ್ಲಿ ಸಪ್ಪೆ ಎನ್ನಿಸಬಹುದಾದ ಈ ಬಳಕೆಯೇ ಇವತ್ತು ಬಯೋಪ್ರಿಂಟಿಂಗಿನ ಪ್ರಾಮಾಣಿಕ ಸಂಪಾದನೆ.

ಇನ್ನೊಂದು ಹೈದರಾಬಾದಿನದು. 2022ರಲ್ಲಿ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ, ಅಲ್ಲಿನ ಐಐಟಿ ಮತ್ತು ಸಿಸಿಎಂಬಿ ಸೇರಿ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಪ್ರಿಂಟ್ ಮಾಡಿ ಮೊಲದ ಕಣ್ಣಿಗೆ ಕೂರಿಸಿದವು. ಕಣ್ಣನ್ನೇ ಆರಿಸಿಕೊಂಡದ್ದು ಜಾಣತನ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕು ಹಾಯುತ್ತಿರಲಿಲ್ಲ. ಗಾಳಿಯಿಂದಲೂ ಕಣ್ಣೀರಿನಿಂದಲೂ ಒಳಗಿನ ದ್ರವದಿಂದಲೂ ಅದು ಬದುಕುತ್ತದೆ. ಮನುಷ್ಯರಲ್ಲಿ ಕಾರ್ನಿಯಾ ಕಸಿ 1905ರಷ್ಟು ಹಿಂದೆಯೇ ಗೆದ್ದದ್ದೂ ಬಹುಮಟ್ಟಿಗೆ ಇದೇ ಕಾರಣಕ್ಕೆ, ಕಿಡ್ನಿಗಿಂತ ಅರ್ಧ ಶತಮಾನ ಮೊದಲು. ಪ್ರಿಂಟರ್ ಕೂಡ ಮೊದಲು ಗೆಲ್ಲುವುದು ಅಲ್ಲಿಯೇ ಎಂದು ನಾನು ನಂಬಿದ್ದೇನೆ. ಮೂಗು, ಕಿವಿ, ಕಣ್ಣು, ಹೀಗೆ ಮುಖದ ಮೇಲಿನ ಅಂಗಗಳಿಂದಲೇ ಈ ಚರಿತ್ರೆ ಮುಂದೆ ಹೋಗುತ್ತಿದೆ.

ಹೈದರಾಬಾದಿನ ಆ ಕಾರ್ನಿಯಾದ ಶಾಯಿ ಎಲ್ಲಿಂದ ಬಂತು ಎಂಬುದನ್ನು ಗಮನಿಸಿ. ದಾನವಾಗಿ ಬಂದ ಮನುಷ್ಯರ ಕಣ್ಣುಗಳಿಂದ. ಕಾರ್ನಿಯಾದ ಅಂಗಾಂಶದಿಂದ ಹಳೆಯ ಕೋಶಗಳನ್ನು ತೊಳೆದು ತೆಗೆದು, ಉಳಿದ ದ್ರವ್ಯದಲ್ಲಿ ಹೊಸ ಕಾಂಡಕೋಶ ಕಲಸಿದ್ದು ಅದು. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಪುನೀತ್ ಹೋದಾಗ ಬೆಂಗಳೂರಿನ ವೈದ್ಯರು ಅವರ ಕಾರ್ನಿಯಾಗಳನ್ನು ಪದರ ಬಿಡಿಸಿ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಒಂದು ಕಣ್ಣನ್ನು ಇನ್ನೂ ಹೆಚ್ಚು ಜನಕ್ಕೆ ಹಂಚುವುದು ಪ್ರಿಂಟರಿನಿಂದ ಆಗಬಹುದು. ಮೊದಲು ಕಣ್ಣು ಬರಬೇಕಲ್ಲ.

ಕಿಡ್ನಿ, ಯಕೃತ್ತು, ಹೃದಯಗಳ ಮಾತು ಇನ್ನೂ ಕಠಿಣ. ಭಾರತದಲ್ಲಿ ಸತ್ತ ನಂತರ ಅಂಗದಾನ ಮಾಡುವವರ ಸಂಖ್ಯೆ ವರ್ಷಕ್ಕೆ ಹತ್ತು ಲಕ್ಷ ಜನರಿಗೆ ಒಬ್ಬರಿಗಿಂತಲೂ ಕಡಿಮೆ. ಪ್ರಿಂಟರ್ ಬರುತ್ತದೆ ಬಿಡಿ ಎಂದು ಕೂರುವ ಸ್ಥಿತಿಯಲ್ಲಿ ನಾವಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರಲ್ಲಿ ಒಂದು ಸಣ್ಣ ಕೆಲಸವಿದೆ. ಅಂಗದಾನಕ್ಕೆ ಹೆಸರು ನೋಂದಾಯಿಸಿದರೂ ಕೊನೆಗೆ ಒಪ್ಪಿಗೆ ಕೊಡಬೇಕಾದವರು ಮನೆಯವರು, ಮತ್ತು ಆ ಮನೆಯವರು ಬಹಳ ಸಲ ಇನ್ನೊಂದು ಊರಿನಲ್ಲಿರುತ್ತಾರೆ. ಅವರಿಗೆ ನಮ್ಮ ಇಚ್ಛೆ ಗೊತ್ತಿರುವುದಿಲ್ಲ. ಮುಂದಿನ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಷ್ಟೊಂದು ಮಾತು ಹೇಳಿಬಿಡಬಹುದು.